ಒಳ್ಳೆಯ ನಡತೆಯ ಕುದುರೆ

ಹೆಣ್ಣು ಕುದುರೆ ಸಿದ್ಧವಾಗಿ ನಿಂತಿತ್ತು. ಬಾಲಕ್ಕೆ ಬಟ್ಟೆ ಸುತ್ತಿದ್ದರು. ಒದ್ದರೂ ಗಂಡಿಗೆ ಪೆಟ್ಟಾಗದಿರಲೆಂದು ಹಿಂಗಾಲುಗಳಿಗೆ ದಪ್ಪ ಬಟ್ಟೆಯ ಚೀಲ ತೊಡಿಸಿದ್ದರು. ಕೊಟ್ಟಿಗೆಯ ನೆಲಕ್ಕೆ ಹೊಸದಾಗಿ ಮರದ ಹೊಟ್ಟು ಹರಡಿ, ಕಾಲು ಜಾರದ ಹಾಗೆ ತುಳಿದು ಗಟ್ಟಿ ಮಾಡಿದ್ದರು. ಅದು ಬೆದೆಗೆ ಬಂದಿದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಡಾಕ್ಟರು ಕೈ ಹಾಕಿ ನೋಡಿ, ಇವತ್ತು ಬಿಟ್ಟರೆ ನಾಳೆಗಿಲ್ಲ ಎಂದು ಹೇಳಿಯಾಗಿತ್ತು.

"ಬರ್ಲಿ," ಎಂದರು ಯಜಮಾನತಿ.

ಮೌನಿ ದೊರೆಯನ್ನು ಒಳಗೆ ಕರೆತಂದ. ದೊರೆ ಎಂದರೆ ಆ ಕುದುರೆ ಸಾಕಣೆ ಕೇಂದ್ರದ ಜಾತಿ ಕುದುರೆ. ಕಡುಗಂದು ಮೈ, ತೆಳ್ಳಗಿನ ಕಾಲು, ಓಡಿ ಗೆದ್ದು ಹೆಸರು ಮಾಡಿ ಈಗ ಬೀಜದ ಕುದುರೆಯಾಗಲು ರೇಸಿನಿಂದ ಮನೆಗೆ ಬಂದದ್ದು. ಕಾಗದದಲ್ಲಿ ಅದಕ್ಕೆ ಇದ್ದ ಹೆಸರು ಒಂದೇ ಉಸಿರಿಗೆ ಹೇಳಿ ಮುಗಿಸುವಂಥದ್ದಲ್ಲ. ಮೌನಿ ಅದರ ಆಳು. ಮರಿಯಾಗಿದ್ದಾಗಿನಿಂದ ಅದರ ಜೊತೆಗಿದ್ದವನು, ರೇಸಿಗೂ ಜೊತೆಗೇ ಹೋಗಿ ಜೊತೆಗೇ ಬಂದವನು. ಮಾತು ಕಡಿಮೆ ಎಂದು ಅಲ್ಲಿಯ ಜಾಕಿಗಳು ಇಟ್ಟ ಹೆಸರು ಇಲ್ಲಿಗೂ ಅವನ ಬೆನ್ನು ಹತ್ತಿ ಬಂದಿತ್ತು.

ದೊರೆ ಕತ್ತು ಬಿಲ್ಲಿನಂತೆ ಬಗ್ಗಿಸಿ ಒಳಗೆ ಬಂತು. ಮೂಗಿನ ಹೊಳ್ಳೆ ಅರಳಿತು. ಹೆಣ್ಣಿನ ಪಕ್ಕೆಯನ್ನು ಮೂಸಿ, ಮೇಲ್ದುಟಿ ಎತ್ತಿ, ಗಂಟಲೊಳಗೆ ಒಂದು ಸದ್ದು ಹೊರಡಿಸಿತು. ಮುಂಗಾಲುಗಳು ನೆಲದಿಂದ ಗೇಣಿನಷ್ಟು ಮೇಲೆದ್ದವು. ಆಮೇಲೆ ಆ ಕಾಲುಗಳು, ತಪ್ಪಾಗಿ ಬೇರೆಯವರ ಅಂಗಳಕ್ಕೆ ಇಟ್ಟ ಕಾಲಿನ ಹಾಗೆ, ಮೆಲ್ಲಗೆ ಕೆಳಗಿಳಿದವು. ದೊರೆ ಕತ್ತು ತಿರುಗಿಸಿ ಮೌನಿಯನ್ನು ನೋಡಿತು. ಎರಡು ಹೆಜ್ಜೆ ಹಿಂದೆ ಬಂದು ಅವನ ಭುಜದ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತುಬಿಟ್ಟಿತು.

ಹೊರಗೆ ಬೇಲಿಯ ಮೇಲೆ ಕೂತು ನೋಡುತ್ತಿದ್ದ ಭಾಮೈದ ನಕ್ಕ. ಅವನು ಮೌನಿಯ ಹೆಂಡತಿಯ ತಮ್ಮ. ಸಾಕಣೆಯ ಇನ್ನೊಂದು ಬೀಜದ ಕುದುರೆ, ಭಾರ ಎಳೆಯುವ ತಳಿಯ ಗುಡ್ಡ ಎಂಬುದನ್ನು ನೋಡಿಕೊಳ್ಳುತ್ತಿದ್ದ.

"ಭಾವ, ನಿಮ್ಮ ದೊರೆ ಸನ್ಯಾಸ ತಗೊಂಡಿದ್ದಾನೆ. ಒಂದು ಕಾವಿ ಬಟ್ಟೆ ಹೊದಿಸಿಬಿಡಿ."

"ನೀನು ಬಾಯಿ ಮುಚ್ಚು," ಎಂದ ಮೌನಿ.

"ನಾನು ಮುಚ್ಚಿದರೆ ಅವನು ಹಾರ್ತಾನಾ? ಹಂಗಿದ್ರೆ ಸಾಯೋವರೆಗೂ ಮುಚ್ಚಿರ್ತೀನಿ."

ಡಾಕ್ಟರು ಕೈಗವಸು ಕಳಚಿದರು. ಯಜಮಾನತಿ ಆಫೀಸಿನ ಕಡೆ ಹೊರಟುಹೋದರು.

ಗುಡ್ಡದ ಕತೆಯೇ ಬೇರೆ. ಅದರ ಗೊರಸು ಊಟದ ತಟ್ಟೆಯಷ್ಟು ಅಗಲ, ಕಣಕಾಲಿನ ಮೇಲೆ ಪೊರಕೆಯಂಥ ಕೂದಲು. ಸುತ್ತಲಿನ ಹೊಲಮನೆಗಳವರು ತಮ್ಮ ಗಾಡಿ ಕುದುರೆಗಳನ್ನು ಹೊಡೆದುಕೊಂಡು ಬರುತ್ತಿದ್ದರು. ಗುಡ್ಡ ಮೂಟೆ ಇಳಿಸುವ ಹಮಾಲಿಯ ಹಾಗೆ ತನ್ನ ಕೆಲಸ ಮುಗಿಸಿ, ಇಳಿದು, ಅಲ್ಲೇ ಬಿದ್ದ ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಭಾಮೈದ ಅದಕ್ಕೆ ಹಾಡು ಹೇಳುತ್ತಿದ್ದ, ಬೈಯುತ್ತಿದ್ದ, ಮೊಣಕೈಯಿಂದ ತಿವಿಯುತ್ತಿದ್ದ. ಅದು ಯಾವುದನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ದೊರೆಗೆ ಏನೇನು ಮಾಡಿ ನೋಡಲಿಲ್ಲ! ಡಾಕ್ಟರು ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು, ಎಲ್ಲ ಸರಿಯಾಗಿತ್ತು. ಬೆನ್ನು, ಮಂಡಿ ಅದುಮಿ ನೋಡಿದರು, ನೋವಿರಲಿಲ್ಲ. ದಾಣಿ ಬದಲಾಯಿಸಿದರು. ಬಿಳಿ ಹೆಣ್ಣು ಕುದುರೆ ತಂದರು, ಕಪ್ಪಿನದು ತಂದರು, ಅನುಭವಸ್ಥ ಮುದುಕಿಯೊಂದನ್ನು ತಂದರು. ಬೆಳಿಗ್ಗೆ ಬೇಡವೇನೋ ಎಂದು ಸಂಜೆ ಮಾಡಿದರು, ಕೊಟ್ಟಿಗೆ ಬೇಡವೇನೋ ಎಂದು ಬಯಲಲ್ಲಿ ಮಾಡಿದರು. ಗುಡ್ಡದ ಕೆಲಸವನ್ನು ದೂರದಿಂದ ತೋರಿಸಿದರು. ದೊರೆ ಗಮನವಿಟ್ಟು ನೋಡಿತು. ನೋಡಿ, ಎಂದಿನಂತೆ ಮೌನಿಯ ಭುಜದ ಪಕ್ಕ ಬಂದು ನಿಂತಿತು.

ಇದೆಲ್ಲ ಆದ ಮೇಲೆ ಒಂದು ದಿನ ಯಜಮಾನತಿ ಮೌನಿಯನ್ನು ಆಫೀಸಿಗೆ ಕರೆಸಿದರು. ಮೇಜಿನ ಹಿಂದಿನ ಗೋಡೆಯ ಮೇಲೆ ದೊರೆಯ ವಂಶವೃಕ್ಷ ಗಾಜು ಹಾಕಿಸಿ ತೂಗುಹಾಕಿತ್ತು. ಎಡ ಅಂಚಿನಲ್ಲಿ ದೊರೆಯ ಹೆಸರು. ಅಲ್ಲಿಂದ ಅಪ್ಪ ಅಮ್ಮ, ಅವರ ಅಪ್ಪ ಅಮ್ಮ ಎಂದು ಕವಲೊಡೆಯುತ್ತ ಹೋಗಿ, ಬಲ ಅಂಚಿಗೆ ಬರುವಷ್ಟರಲ್ಲಿ ಅಕ್ಷರಗಳು ಇರುವೆ ಸಾಲಿನಷ್ಟು ಸಣ್ಣವಾಗಿದ್ದವು. ಮೇಲಿನ ಕವಲಿನಲ್ಲೂ ಕೆಳಗಿನ ಕವಲಿನಲ್ಲೂ ಒಂದೇ ಮುತ್ತಜ್ಜಿಯ ಹೆಸರಿತ್ತು. ಆ ಹೆಸರು ಎರಡು ಕಡೆಯಿಂದಲೂ ಬಂದು ಒಂದೇ ಮರಿಯಲ್ಲಿ ಸೇರಲೆಂದು ಯಜಮಾನತಿಯ ಅತ್ತೆಯ ಕಾಲದಿಂದ ಲೆಕ್ಕ ಹಾಕಿ ಕೂಡಿಸುತ್ತ ಬಂದಿದ್ದರು. ದೊರೆಯ ತಾಯಿ ಎರಡನೆಯ ಬಸಿರಿನಲ್ಲೇ ಸತ್ತಿತ್ತು. ಉಳಿದದ್ದು ಇದೊಂದೇ.

"ಡಾಕ್ಟರು ಬೀಜ ತೆಗೆದು ಸೂಜೀಲಿ ಹಾಕಬಹುದಲ್ವಾ ಅಮ್ಮಾವ್ರೇ? ಗುಡ್ಡಕ್ಕೆ ಮಾಡಿದ್ರಲ್ಲ ಹೋದ ವರ್ಷ."

"ಗುಡ್ಡದ ತಳಿಯ ದಾಖಲೆ ಇಡೋರು ಒಪ್ಪುತ್ತಾರೆ. ರೇಸಿನ ಕುದುರೆ ದಾಖಲೆಯೋರು ಒಪ್ಪಲ್ಲ. ಜಾತಿ ಕುದುರೆ ಅಂದ್ರೆ ಗಂಡು ಹೆಣ್ಣು ತಾವಾಗೇ ಕೂಡಬೇಕು. ಇಲ್ಲಾಂದ್ರೆ ಹುಟ್ಟಿದ ಮರಿಗೆ ಕಾಗದದಲ್ಲಿ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ." ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಈ ಋತು ಮುಗಿಯೋವರೆಗೆ ನೋಡ್ತೀನಿ. ಆಮೇಲೆ ಬೀಜ ಒಡೆಸಿ ಸವಾರಿ ಶಾಲೆಗೆ ಕೊಟ್ಟುಬಿಡ್ತೀನಿ. ಅಂಥ ನಡತೆಯ ಕುದುರೆ ಸಿಗಲ್ಲ ಅಂತ ಅವರು ಈಗಲೇ ಕೇಳ್ತಿದ್ದಾರೆ. ನಿನ್ನನ್ನೂ ಜೊತೆಗೆ ಕೊಡಿ ಅಂದ್ರು. ಮನೆ ಕೊಡ್ತಾರಂತೆ. ನಿನಗೇನೂ ತೊಂದರೆಯಿಲ್ಲ."

ಮೌನಿ ತಲೆಯಾಡಿಸಿದ. ಬಾಗಿಲು ದಾಟಿ ಹೊರಗೆ ಬಂದಾಗ ತನಗೆ ಆಗಬೇಕಾದಷ್ಟು ದುಃಖ ಆಗಿಲ್ಲವೆಂಬುದು ಅವನ ಗಮನಕ್ಕೆ ಬಂತು. ಬೀಜ ಒಡೆಸಿದ ಕುದುರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಯಾರೂ ಕೊಂಡು ಬೇರೆ ದೇಶಕ್ಕೆ ಒಯ್ಯುವುದಿಲ್ಲ. ಮುದಿಯಾಗುವವರೆಗೂ ಒಂದೇ ಕೈಯಲ್ಲಿ ಇರುತ್ತದೆ. ಆ ಕೈ ತನ್ನದೇ.

ಮನೆಯಲ್ಲಿ ಹೆಂಡತಿಗೆ ವಿಷಯ ಹೇಳಿದ. ಅವಳು ಸಾಕಣೆಯಲ್ಲಿ ಬಸುರಿ ಕುದುರೆಗಳನ್ನೂ ಅವುಗಳ ಹೆರಿಗೆಯನ್ನೂ ನೋಡಿಕೊಳ್ಳುತ್ತಿದ್ದಳು. ಒಗೆದ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಅಲ್ಲಿ ಮರಿ ಹಾಕೋ ಕುದುರೆ ಇರ್ತಾವಾ?"

"ಸವಾರಿ ಶಾಲೆ ಅದು. ಎಲ್ಲಿಂದ ಇರ್ತಾವೆ?"

"ಹಂಗಾದ್ರೆ ನಾನು ಅಲ್ಲಿ ಏನು ಮಾಡ್ಲಿ? ನಿನ್ನ ಮುಖ ನೋಡ್ಕೊಂಡು ಕೂತಿರ್ಲಾ? ಮಾತಾದ್ರೂ ಆಡ್ತೀಯಾ ಅಂದ್ರೆ ಅದೂ ಇಲ್ಲ." ಮಡಿಸಿದ ಬಟ್ಟೆ ಪಕ್ಕಕ್ಕಿಟ್ಟು, "ಅದರ ತಾಯಿ ಸತ್ತಿದ್ದು ನನ್ನ ತೊಡೆ ಮೇಲೆ. ಆ ಕವಲು ಹಿಂಗೆ ಮುಗೀಬಾರದಿತ್ತು," ಎಂದಳು.



ದೊರೆ ಹಾರದಿರುವ ಕಾರಣ ಮೌನಿಗೆ ಸಿಕ್ಕಿದ್ದು ನೀರಿನ ತೊಟ್ಟಿಯ ಹಿಂದೆ. ಅವನು ಕೆಳಗೆ ಕೂತು ತೊಟ್ಟಿಯ ನಲ್ಲಿಗೆ ಹೊಸ ವಾಷರ್ ಹಾಕುತ್ತಿದ್ದ. ಗೋಡೆಯ ಆಚೆ ಬಯಲಲ್ಲಿ ದೊರೆ ಒಂಟಿಯಾಗಿ ಮೇಯುತ್ತಿತ್ತು. ಹೆಂಡತಿ ಒಂದು ಹೆಣ್ಣು ಕುದುರೆಯನ್ನು ಹಿಡಿದು ಬೇಲಿಯ ಪಕ್ಕ ಹಾದುಹೋದಳು. ಆಗ ಗೋಡೆಯಾಚೆಯಿಂದ ಅವನು ಎಂದೂ ಕೇಳಿರದ ಕೆನೆತ ಕೇಳಿಸಿತು. ಹೊಟ್ಟೆಯಿಂದ ಹೊರಟು, ಎದೆ ಸೀಳಿಕೊಂಡು ಬರುವಂಥದ್ದು. ಇಣುಕಿದ. ದೊರೆ ಬಾಲ ಎತ್ತಿ, ಗೊರಸು ನೆಲಕ್ಕೆ ತಾಗಿತೋ ಇಲ್ಲವೋ ಎಂಬಂತೆ ಬೇಲಿಯುದ್ದಕ್ಕೂ ಕುಣಿಯುತ್ತಿತ್ತು. ಅದು ಸನ್ಯಾಸಿಯೂ ಅಲ್ಲ, ರೋಗಿಯೂ ಅಲ್ಲ. ಮೈತುಂಬ ಗಂಡು.

ಸಂತೋಷದಿಂದ ಅವನು ಎದ್ದು ನಿಂತ. ನಿಂತವನ ಬಾಯಿಂದ, ನಾಲಿಗೆ ಮೇಲಿನ ಹಲ್ಲಿಗೆ ತಾಗಿ, "ಚ್ಚ್" ಎಂಬ ಸದ್ದು ಹೊರಬಿತ್ತು.

ದೊರೆ ಅಲ್ಲೇ ನಿಂತಿತು. ಬಾಲ ಇಳಿಯಿತು. ತಲೆ ತಗ್ಗಿಸಿ ಅವನತ್ತ ನಡೆದು ಬಂದು, ನಾಲ್ಕೂ ಕಾಲು ಕೂಡಿಸಿ ನಿಂತಿತು.

ಆ ಸದ್ದು ತನ್ನದೇ ಎಂದು ಗೊತ್ತಾಗಲು ಅವನಿಗೆ ಒಂದು ಗಳಿಗೆ ಹಿಡಿಯಿತು. ರೇಸಿನ ದಿನಗಳಲ್ಲಿ ಗಂಡು ಹೆಣ್ಣು ಎಲ್ಲ ಕುದುರೆಗಳನ್ನೂ ಒಂದೇ ಅಂಗಳದಲ್ಲಿ ಸುತ್ತಿಸುತ್ತಾರೆ, ಜನರ ಮುಂದೆ. ಗಂಡು ಮರಿ ಒಮ್ಮೆ ಕೆರಳಿತೆಂದರೆ ಓಟ ಅಲ್ಲಿಗೇ ಸೋತಂತೆ. ಬೇರೆ ಆಳುಗಳು ಸರಪಳಿ ಜಗ್ಗುತ್ತಿದ್ದರು, ಕೋಲು ಬೀಸುತ್ತಿದ್ದರು. ಮೌನಿ ಹೊಡೆದವನಲ್ಲ. ದೊರೆ ಹೆಣ್ಣಿನ ಕಡೆ ಕಿವಿ ನಿಮಿರಿಸಿದಾಗಲೆಲ್ಲ ನಾಲಿಗೆಯಿಂದ ಒಂದು ಸದ್ದು, ಮೂಗಿನ ಮೇಲೆ ಎರಡು ಬೆರಳು. ಅಷ್ಟೇ. ದಿನ ಬೆಳಗಾದರೆ ಅದೇ. ಆಮೇಲಾಮೇಲೆ ಬೆರಳೂ ಬೇಕಾಗಲಿಲ್ಲ, ಸದ್ದೂ ಬೇಕಾಗಲಿಲ್ಲ; ಅವನು ಪಕ್ಕದಲ್ಲಿದ್ದರೆ ಸಾಕಾಗಿತ್ತು. ಇಡೀ ಅಂಗಳದಲ್ಲಿ ದೊರೆಯಂಥ ನಡತೆಯ ಗಂಡು ಇಲ್ಲವೆಂದು ಜನ ಹೊಗಳುವಾಗ ಮೌನಿ ನೆಲ ನೋಡಿಕೊಂಡು ಹಿಗ್ಗುತ್ತಿದ್ದ.

ನಲ್ಲಿ ಬಿಗಿದು ಮುಗಿಸಿದ. ಯಾರಿಗೂ ಏನೂ ಹೇಳಲಿಲ್ಲ.

ಮುಂದಿನ ಹೆಣ್ಣು ಬೆದೆಗೆ ಬಂದ ದಿನ ಬಾಯಲ್ಲಿ ಒಂದು ಹುಲ್ಲುಕಡ್ಡಿ ಕಚ್ಚಿಕೊಂಡು, ನಾಲಿಗೆ ಅಲ್ಲಾಡದ ಹಾಗೆ ಹಿಡಿದು ದೊರೆಯನ್ನು ಒಳಗೆ ತಂದ. ಹಗ್ಗವನ್ನೂ ಸಡಿಲ ಬಿಟ್ಟ. ದೊರೆ ಮೂಸಿತು, ಮುಂಗಾಲು ಎತ್ತಲೋ ಬೇಡವೋ ಎಂಬಂತೆ ಮೈ ಕುಗ್ಗಿಸಿತು. ಆಮೇಲೆ ಅಪ್ಪಣೆ ಕೇಳುವ ಹಾಗೆ ಅವನ ಮುಖ ನೋಡಿತು. ಅಪ್ಪಣೆ ಕೊಡುವುದು ಹೇಗೆಂದು ಮೌನಿಗೆ ತಿಳಿಯಲಿಲ್ಲ. ಅದನ್ನು ಅವನು ಕಲಿಸಿರಲೇ ಇಲ್ಲ. ದೊರೆ ಹಿಂದೆ ಬಂದು ನಿಂತಿತು.

"ಇನ್ನೊಂದೇ ಹೆಣ್ಣು ಉಳಿದಿರೋದು," ಎಂದರು ಡಾಕ್ಟರು ಯಜಮಾನತಿಗೆ. "ಅದೂ ಆಗಲಿಲ್ಲಾಂದ್ರೆ ಮುಂದಿನ ವಾರ ಒಡೆದುಬಿಡೋಣ. ಸೆಖೆ ಹೆಚ್ಚಾದ ಮೇಲೆ ಗಾಯ ಕೀವಾಗುತ್ತೆ."

ಯಜಮಾನತಿ ಆಯಿತೆಂದರು. ಸವಾರಿ ಶಾಲೆಯವರು ಬಂದು ದೊರೆಯ ಬೆನ್ನ ಮೇಲೆ ತಡಿ ಇಟ್ಟು ಅಳತೆ ನೋಡಿಕೊಂಡು ಹೋದರು. ಮೌನಿಯ ಕೈ ಕುಲುಕಿ, ಮನೆಗೆ ಸುಣ್ಣ ಹೊಡೆಸುತ್ತಿದ್ದೇವೆ ಎಂದರು.

ಅವನು ಆ ದಿನಗಳಲ್ಲಿ ದೊರೆಯ ಮೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಉಜ್ಜಿದ. ಬಾಯಿ ಬಿಡದೆ ಸುಮ್ಮನಿದ್ದರೆ ಸಾಕು. ಯಾರಿಗೂ ಯಾವ ಅನುಮಾನವೂ ಇಲ್ಲ. ಸುಮ್ಮನಿರುವುದು ಅವನಿಗೆ ಕಷ್ಟದ ಕೆಲಸವೂ ಅಲ್ಲ. ಬ್ರಷ್ ಹೊಟ್ಟೆಯ ಕೆಳಗೆ ಬಂದಾಗ ದೊರೆ ಕಾಲು ಸರಿಸಿ ಜಾಗ ಮಾಡಿಕೊಟ್ಟಿತು. ಹೇಳದಿದ್ದರೂ ಮಾಡುತ್ತಿತ್ತು. ಅದು ಎಲ್ಲವನ್ನೂ ಹಾಗೆಯೇ ಮಾಡಿತ್ತು; ಅವನು ಬೇಡವೆಂದದ್ದನ್ನು ಬಿಟ್ಟಿತ್ತು. ಮುಂದಿನ ವಾರ ಕತ್ತಿ ಬೀಳುವುದು ಆ ಮಾತು ಕೇಳಿದ್ದಕ್ಕೇ. ಬ್ರಷ್ಷನ್ನು ಬಕೆಟ್ಟಿನ ಮೇಲಿಟ್ಟು ಅವನು ಗುಡ್ಡದ ಲಾಯಕ್ಕೆ ಹೋದ.

ಭಾಮೈದ ಗುಡ್ಡದ ಗೊರಸು ಎತ್ತಿ ತೊಡೆಯ ನಡುವೆ ಇಟ್ಟುಕೊಂಡು ಕೆಸರು ಕೆರೆಯುತ್ತಿದ್ದ.

"ನಾಳೆ ದೊರೆಯನ್ನ ನೀನು ಒಳಗೆ ಕರ್ಕೊಂಡು ಹೋಗು."

"ಯಾಕೆ, ನಿಮಗೇನಾಯ್ತು ಭಾವ? ಜ್ವರಾನಾ?"

"ನಾನಿದ್ರೆ ಅವನು ಹಾರಲ್ಲ."

ಭಾಮೈದ ಗೊರಸು ಕೆಳಗಿಟ್ಟ. ಮೌನಿ ನಡೆದದ್ದನ್ನೆಲ್ಲ ಹೇಳಿದ. ಅಷ್ಟು ಉದ್ದದ ಮಾತು ಅವನ ಬಾಯಿಂದ ಭಾಮೈದ ಕೇಳಿದ್ದು ಅದೇ ಮೊದಲು. ಆದ್ದರಿಂದ ನಗುವುದನ್ನು ಮರೆತು ಕೇಳಿದ.

"ಅಲ್ಲಾ ಭಾವ, ಒಂದು ಏಟೂ ಹೊಡೀದೆ ಇಷ್ಟು ಕೆಡಿಸಿದ್ರಾ? ನಾನು ದಿನಾ ಇವನಿಗೆ ಬಾಯಿಗೆ ಬಂದಂಗೆ ಬೈತೀನಿ, ಇವನು ನನ್ನ ಮಾತು ಒಂದೂ ಕೇಳಿದ್ದಿಲ್ಲ."

"ಅದಕ್ಕೇ ನಿನ್ನ ಹತ್ರ ಬಂದಿದ್ದು."

"ಇದು ಹೊಗಳಿದ್ದಾ, ತೆಗಳಿದ್ದಾ?"

"ನಾಲಿಗೇಲಿ ಸದ್ದು ಮಾಡ್ಬೇಡ. ಮೂಗು ಮುಟ್ಟಬೇಡ. ಹಾಡ್ತೀಯಲ್ಲ, ಅದನ್ನ ಹಾಡ್ಕೋ."

"ನನ್ನ ಹಾಡು ಕೇಳಿ ಹೆಣ್ಣು ಓಡಿಹೋದ್ರೆ ನನ್ನ ಕೇಳ್ಬೇಡಿ ಮತ್ತೆ."

ಮೌನಿಯ ಮೈಯ ವಾಸನೆ ಇರಬಾರದೆಂದು ಹೊಸ ಹಗ್ಗ, ಹೊಸ ಮುಖಪಟ್ಟಿ ತೆಗೆದರು. ಯಜಮಾನತಿಗೆ ಭಾಮೈದನೇ ಹೋಗಿ ಹೇಳಿದ. ಅವರು ಮೌನಿಯನ್ನು ಕರೆಸಿ ಏನೂ ಕೇಳಲಿಲ್ಲ. ಡಾಕ್ಟರು ಮಾತ್ರ ಅವನನ್ನು ಕಂಡು, "ನನಗೆ ಹೊಳೀಬೇಕಿತ್ತು. ಇಷ್ಟು ದಿನ ನಾನು ಕುದುರೆನೇ ಪರೀಕ್ಷೆ ಮಾಡ್ತಿದ್ದೆ," ಎಂದು ನಕ್ಕರು.

ಬೆಳಿಗ್ಗೆ ಮೌನಿ ಹೆಂಡತಿಯ ಜೊತೆ ಹೆಣ್ಣು ಕುದುರೆಗಳ ಹಟ್ಟಿಗೆ ಹೋದ. ಅದು ಸಾಕಣೆಯ ಇನ್ನೊಂದು ತುದಿ. ಗಾಳಿ ಕೊಟ್ಟಿಗೆಯ ಕಡೆಯಿಂದ ಇತ್ತ ಬೀಸುತ್ತಿತ್ತು, ಇವನ ವಾಸನೆ ಅತ್ತ ಹೋಗುವಂತಿರಲಿಲ್ಲ. ಅವಳು ಅವನ ಕೈಗೆ ಸಲಿಕೆ ಕೊಟ್ಟಳು.

"ಸುಮ್ನೆ ನಿಂತ್ರೆ ಹೊತ್ತು ಹೋಗಲ್ಲ. ಲದ್ದಿ ಎತ್ತು."

ಅವನು ಎತ್ತಿದ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಭಾಮೈದನ ಹಾಡು, ತಾಳ ತಪ್ಪಿದ್ದು, ಕೇಳಿಸಿತು. ಅದು ನಿಂತಿತು. ಆಮೇಲೆ ನೀರಿನ ತೊಟ್ಟಿಯ ಹಿಂದೆ ಕೇಳಿದ್ದ ಅದೇ ಕೆನೆತ. ಹೆಂಡತಿ ಕೈಯಲ್ಲಿದ್ದ ಪೊರಕೆಯನ್ನು ನಿಲ್ಲಿಸಿ ಕಿವಿಗೊಟ್ಟಳು. ಮೌನಿ ತಳ್ಳುಗಾಡಿ ತುಂಬಿಸಿ, ತಿಪ್ಪೆಗೆ ತಳ್ಳಿಕೊಂಡು ಹೋಗಿ ಸುರಿದು, ಖಾಲಿ ಗಾಡಿ ಹಿಡಿದು ಬರುವಾಗ ಭಾಮೈದ ಬೆವರು ಸುರಿಸುತ್ತ ಎದುರಿಗೆ ಬಂದ. ಅವನ ಅಂಗಿಯ ತೋಳು ಭುಜದಿಂದ ಹರಿದಿತ್ತು.

"ಹಾರಿದ ಭಾವ! ಎರಡು ಸಲ! ನನ್ನನ್ನೂ ಕಚ್ಚಿದ."

"ನಿನ್ನನ್ನ ಕಚ್ಚಿದನಾ?"

"ಕಚ್ಚಿದ ಅಂದ್ರೆ! ರೌಡಿ ಥರ."

ದೊರೆ ತನ್ನ ಜನ್ಮದಲ್ಲಿ ಯಾರನ್ನೂ ಕಚ್ಚಿರಲಿಲ್ಲ. ಮೌನಿ ಹರಿದ ತೋಳನ್ನು ಮುಟ್ಟಿ ನೋಡಿದ. "ಮುಲಾಮು ಹಚ್ಕೋ," ಎಂದ.

ಋತುವನ್ನು ಇನ್ನೊಂದಷ್ಟು ದಿನ ಮುಂದುವರಿಸಿ, ಕೈಬಿಟ್ಟಿದ್ದ ಹೆಣ್ಣುಗಳನ್ನು ಮತ್ತೆ ತರಿಸಿದರು. ನಡುವೆ ಒಂದು ದಿನ ಯಜಮಾನತಿ, ಈಗ ರುಚಿ ಹತ್ತಿದೆಯಲ್ಲ, ಇನ್ನು ಮೌನಿಯೇ ಹಿಡಿಯಲಿ ಎಂದರು. ಮೌನಿ ಬೇಡವೆಂದರೂ ಕೇಳಲಿಲ್ಲ. ಅವನು ಹಗ್ಗ ಹಿಡಿದು ಕೊಟ್ಟಿಗೆಯ ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ದೊರೆ ಕಾಲು ಕೂಡಿಸಿ ನಿಂತಿತು. ಮತ್ತೆ ಭಾಮೈದ ಕರೆದುಕೊಂಡು ಹೋದರೂ ಎರಡು ದಿನ ಹಾರಲಿಲ್ಲ. ಅಲ್ಲಿಗೆ ತೀರ್ಮಾನವಾಯಿತು. ದೊರೆಯ ಲಾಯ ಭಾಮೈದನಿಗೆ, ಗುಡ್ಡ ಮೌನಿಗೆ. ಮೌನಿ ದೊರೆಯ ಕಣ್ಣಿಗೆ ಬೀಳಬಾರದು, ದನಿ ಕೇಳಿಸಬಾರದು. ದನಿಯ ವಿಷಯ ಬಂದಾಗ ಭಾಮೈದ, "ಅದೊಂದು ಸುಲಭ ಬಿಡಿ," ಎಂದ.

ಸವಾರಿ ಶಾಲೆಯವರು ಬೇರೆ ಕುದುರೆ ನೋಡಿಕೊಂಡರು. ಮೌನಿ ಗುಡ್ಡಕ್ಕೆ ಒಗ್ಗಿಕೊಳ್ಳಲು ತುಸು ಕಾಲ ಬೇಕಾಯಿತು. ಕಾಲೆತ್ತು ಎಂದರೆ ಅದು ಎತ್ತುತ್ತಿರಲಿಲ್ಲ. ಎತ್ತಿದರೆ ಇಡೀ ಭಾರವನ್ನು ಅವನ ತೊಡೆಯ ಮೇಲೆ ಬಿಡುತ್ತಿತ್ತು. ಬ್ರಷ್ ಹಿಡಿದರೆ ಗೋಡೆಗೆ ಒತ್ತುತ್ತಿತ್ತು. ಅವನ ಸದ್ದಿಗೂ ಬೆರಳಿಗೂ ಅದರ ಲೋಕದಲ್ಲಿ ಯಾವ ಅರ್ಥವೂ ಇರಲಿಲ್ಲ. ಎರಡು ತಿಂಗಳು ಅದನ್ನು ತಿದ್ದಲು ನೋಡಿ ಬಿಟ್ಟುಕೊಟ್ಟ. ಗೋಡೆಗೆ ಒತ್ತಿದಾಗ ಅದರ ಬಿಸಿ ಪಕ್ಕೆಗೆ ಒರಗಿ ಅದು ತಾನಾಗಿ ಸರಿಯುವವರೆಗೆ ಕಾಯುವುದನ್ನು ಕಲಿತ.

ಮುಂದಿನ ವರ್ಷ ಮರಿಗಳು ಬಂದವು. ಹೆಚ್ಚಿನವು ಕಡುಗಂದು ಬಣ್ಣದವು, ಉದ್ದ ಕಾಲಿನವು. ಮೌನಿಯ ಹೆಂಡತಿ ಒಂದೊಂದನ್ನೂ ಒಣಹುಲ್ಲಿನಿಂದ ಉಜ್ಜಿ ನಿಲ್ಲಿಸಿದಳು. ಮೊಲೆ ಬಿಟ್ಟ ಮೇಲೆ ಮರಿಗಳನ್ನು ಹಗ್ಗಕ್ಕೆ ಪಳಗಿಸಬೇಕು, ಮನುಷ್ಯರ ಕೈಗೆ ಒಗ್ಗಿಸಬೇಕು. ಆ ಕೆಲಸಕ್ಕೆ ಮೌನಿಯಂಥವನು ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಯಜಮಾನತಿ ಹಟ್ಟಿಯ ಬೇಲಿಯ ಪಕ್ಕ ಅವನನ್ನು ನಿಲ್ಲಿಸಿಕೊಂಡು, ಮರಿಗಳೆಲ್ಲ ಇನ್ನು ನಿನ್ನವು ಎಂದರು.

"ಹೆಣ್ಣು ಮರಿ ಕೊಡಿ ಅಮ್ಮಾವ್ರೇ. ಗಂಡು ನನ್ನ ಭಾಮೈದ ನೋಡ್ಕೊಳ್ಳಲಿ."

"ಅವನಿಗೆ ಅಷ್ಟು ತಾಳ್ಮೆ ಎಲ್ಲಿದೆ?"

"ಇಲ್ಲ. ಅದಕ್ಕೇ."

ಯಜಮಾನತಿ ಮರಿಗಳ ಕಡೆ ನೋಡಿದರು. ಒಂದು ಗಂಡು ಮರಿ ಗುಂಪು ಬಿಟ್ಟು ಬೇಲಿಯ ಹತ್ತಿರ ಬಂದು, ಕತ್ತು ಚಾಚಿ, ಮೌನಿಯ ಅಂಗಿಯ ಗುಂಡಿಯನ್ನು ಬಾಯಲ್ಲಿ ಹಿಡಿದು ಎಳೆಯತೊಡಗಿತು.

"ನನ್ನ ಹತ್ರ ಬಂದ್ರೆ ಒಳ್ಳೇವಾಗಿಬಿಡ್ತಾವೆ," ಎಂದ ಮೌನಿ.

ಗುಂಡಿ ಕಿತ್ತು ಬಂತು. ಮರಿ ಅದನ್ನು ಉಗುಳಿ, ಹಿಂಗಾಲು ಝಾಡಿಸಿ ಓಡಿತು. ಅವನು ಬಗ್ಗಿ ಗುಂಡಿ ಹುಡುಕಿಕೊಂಡು ಜೇಬಿಗೆ ಹಾಕಿಕೊಂಡ, ಹೆಣ್ಣು ಮರಿಗಳಿಗೆ ಬೇಕಾದ ಹಗ್ಗಗಳನ್ನು ಎಣಿಸಿ ತರಲು ಉಗ್ರಾಣದ ಕಡೆ ನಡೆದ.